ಎಂಟರ ಮೇಲೆ ಏಳು: ಸೀಕ್ವೆನ್ಸರ್‌ನಲ್ಲಿ ಬದಲಾಗುತ್ತ ಸಾಗುವ ಸ್ವರಗಳು

ಗಬ್ಬೂರು, ಮಾನ್ವಿ ಕಡೆಯ ಭಜನೆಗಳಲ್ಲಿ ಪೇಟಿಯ ಪಕ್ಕ ಕೀಬೋರ್ಡೂ ಬಂದು ಕೂತಿದೆ. ಅದಕ್ಕೊಂದು ಸೀಕ್ವೆನ್ಸರ್ ಜೋಡಿಸಿದರೆ, ನೀವು ತುಂಬಿಟ್ಟ ಸ್ವರಗಳನ್ನು ತಾನೇ ನುಡಿಸುತ್ತ ಹೋಗುತ್ತದೆ. ಆದರೆ ಎರಡು ನಿಮಿಷದಲ್ಲಿ ಅದೇ ರಾಗ, ಅದೇ ಹಾಡು ಎನ್ನಿಸತೊಡಗುತ್ತದೆ. ಇದಕ್ಕೆ ಮದ್ದು ತಾಳದ ಲೆಕ್ಕದಲ್ಲೇ ಇದೆ. ಇಲ್ಲಿ ಅರ್ಟೂರಿಯಾ ಕಂಪನಿಯ ಬೀಟ್‌ಸ್ಟೆಪ್ ಪ್ರೊ ಇಟ್ಟುಕೊಂಡು ಹೇಳುತ್ತೇನೆ. ಅದರಲ್ಲಿ ಎರಡು ಸ್ವರಸಾಲುಗಳಿವೆ, ಒಂದೊಂದರ ಉದ್ದವನ್ನೂ ಬೇರೆ ಬೇರೆ ಇಡಬಹುದು.

1. ಕೀಬೋರ್ಡಿನ ಹಿಂದೆ ಐದು ಪಿನ್ನಿನ ಮಿಡಿ ಇನ್ ಇದೆಯೇ ನೋಡಿ. ಬರೀ ಯುಎಸ್‌ಬಿ ಇದ್ದರೆ ನೇರ ಕೇಬಲ್ ನಡೆಯದು, ನಡುವೆ ಕಂಪ್ಯೂಟರ್ ಬೇಕು. ಮೊದಲ ಸಾಲಿಗೆ ಚಾನೆಲ್ 1, ಎರಡನೆಯದಕ್ಕೆ 2.

2. ಭೂಪ್ ರಾಗ ಹಿಡಿಯಿರಿ, ಐದೇ ಸ್ವರ. ಬಿಳಿ ಒಂದನ್ನು ಸಾ ಮಾಡಿಕೊಳ್ಳಿ. ಮೊದಲ ಸಾಲಿನ ಉದ್ದ 8 ಇಟ್ಟು, ನಾಬ್ ತಿರುಗಿಸುತ್ತ ತುಂಬಿ: ಸಾ ರೇ ಗಾ ಪಾ ಗಾ ರೇ ಗಾ. ಎಂಟನೇ ಮನೆ (ಸ್ಟೆಪ್) ಖಾಲಿ.

3. ಎರಡನೇ ಸಾಲಿಗೆ ಹೋಗಿ, ಲಾಸ್ಟ್ ಸ್ಟೆಪ್ ಬಟನ್ ಹಿಡಿದು ಏಳನೇ ಮನೆ ಒತ್ತಿ. ಇಲ್ಲಿ ಮೂರೇ ಸ್ವರ ಸಾಕು: 1ರಲ್ಲಿ ಪಾ, 4ರಲ್ಲಿ ಧಾ, 6ರಲ್ಲಿ ತಾರ ಸಾ. ಎಂಟು ಮಾತ್ರೆಯ ಕೆಹರವಾದ ಮೇಲೆ ಏಳು ಮಾತ್ರೆಯ ರೂಪಕ ಓಡಿದಂತೆ ಇದು. ಈಗ ಪ್ಲೇ ಒತ್ತಿ, ಆ ಪಾ ಒಂದನ್ನೇ ಕೇಳುತ್ತ ಹೋಗಿ. ಮೊದಲ ಸುತ್ತಿನಲ್ಲಿ ಅದು ಸಾ ಜೊತೆ ಬೀಳುತ್ತದೆ, ಎರಡನೆಯದರಲ್ಲಿ ಖಾಲಿ ಮನೆಯಲ್ಲಿ ಒಂಟಿಯಾಗಿ, ಮೂರನೆಯದರಲ್ಲಿ ಗಾ ಜೊತೆ. 56 ಮನೆ ದಾಟಿದ ಮೇಲೆಯೇ ಎರಡೂ ಸಾಲು ಮತ್ತೆ ಸಮಕ್ಕೆ ಬರುವುದು.

4. ಬೇಸರವಾದರೆ ಎರಡನೆಯದನ್ನು 5ಕ್ಕೆ ಇಳಿಸಿ. ತಾರ ಸಾ ಕೇಳಿಸುವುದಿಲ್ಲ, ಸುತ್ತು 40ಕ್ಕೆ ಮುಗಿಯುತ್ತದೆ.

5. ಸ್ವರಗಳನ್ನು ಮನಬಂದಂತೆ ಬಿಡುವ ಪ್ರಾಬಬಿಲಿಟಿ ನಾಬ್‌ಗೆ ಎಲ್ಲರ ಕೈಯೂ ಮೊದಲೇ ಹೋಗುತ್ತದೆ. ಅದನ್ನು ಕೊನೆಗಿಡಿ. ಯಾಕೆಂದರೆ ದೇಶಕಾರ ರಾಗಕ್ಕೂ ಇವೇ ಐದು ಸ್ವರ. ಭೂಪಿನ ವಾದಿ, ಅಂದರೆ ಮುಖ್ಯ ಸ್ವರ, ಗಾ; ದೇಶಕಾರದ್ದು ಧಾ. ಗಾ ಉದುರಿ ಧಾ ಎದ್ದು ಕಂಡರೆ ರಾಗದ ಮುಖವೇ ಬದಲಾಗುತ್ತದೆ, ಯಂತ್ರಕ್ಕೆ ಅದರ ಗೊಡವೆ ಇಲ್ಲ. ರೋಲ್ಯಾಂಡ್ ಯಂತ್ರಗಳಲ್ಲಿ ಹತ್ತು ರಾಗ ನುಡಿಸಿದ ಚರಣ್‌ಜಿತ್ ಸಿಂಗ್ ಅವರ 1982ರ ಆಲ್ಬಂ ಒಮ್ಮೆ ಕೇಳಿ: ಯಂತ್ರ ತಿರುಗುತ್ತಲೇ ಇರುತ್ತದೆ, ರಾಗದ ಜವಾಬ್ದಾರಿ ಮಾತ್ರ ಕೈಯದ್ದು.

6. ಹಿಡಿಸಿದ್ದನ್ನು ಆಗಿಂದಾಗಲೇ ಸೇವ್ ಮಾಡಿ. ಅಷ್ಟರಲ್ಲಿ ಕರೆಂಟ್ ಹೋದರೆ ಮತ್ತೆ ಮೊದಲಿನಿಂದ ತುಂಬಬೇಕು.