ಮುರಿದ ಮರದ ಅಡಿಗೆ ಸಾಮಾನುಗಳ ಜೀರ್ಣೋದ್ಧಾರ

ಲೋಹದ ಪಾತ್ರೆಯು ತೂತುಬಿದ್ದರೆ ಬೆಸುಗೆ ಹಾಕಿಸಿ ಮತ್ತೆ ಬಳಸುವ ನಾವು, ಚಪಾತಿ ಮಣೆ ಸೀಳಿದಾಗಲೂ, ಲಟ್ಟಣಿಗೆಯ ಹಿಡಿ ಮುರಿದಾಗಲೂ, ಕಡಗೋಲಿನ ದಂಡ ತುಂಡಾದಾಗಲೂ ಅವುಗಳನ್ನು ಒಲೆಗೆ ಹಾಕಿಬಿಡುವುದು ವಾಡಿಕೆಯಾಗಿದೆ. ಹಲಸು, ತೇಗ, ಬೀಟೆ ಮುಂತಾದ ಗಟ್ಟಿಮರಗಳಿಂದ ಮಾಡಿದ, ಮನೆಯ ಹಿರಿಯರ ಕೈಯಲ್ಲಿ ಸವೆದು ನಯವಾದ ಇಂತಹ ಸಾಮಾನುಗಳಿಗೆ ಸಮನಾದವು ಇಂದು ಅಂಗಡಿಯಲ್ಲಿ ಸುಲಭವಾಗಿ ದೊರೆಯವು. ಅವುಗಳಲ್ಲಿ ಬಹುಪಾಲನ್ನು ಮನೆಯಲ್ಲಿಯೇ ಕೂಡಿಸಿ, ಆಹಾರಕ್ಕೆ ಯಾವ ಬಾಧೆಯೂ ಇಲ್ಲದಂತೆ ಮತ್ತೆ ಬಳಕೆಗೆ ತರಬಹುದು. ಇದಕ್ಕೆ ಬೇಕಾದುದು ಸರಿಯಾದ ಅಂಟು, ತಾಳ್ಮೆ ಮತ್ತು ಒಂದು ತತ್ತ್ವದ ಅರಿವು: ಸಂಧಿಯು ಎಷ್ಟು ಬಿಗಿಯಾಗಿ ಕೂಡುವುದೋ ಅಷ್ಟು ಬಲವಾಗಿರುವುದು, ಅಷ್ಟೇ ನಿರಪಾಯವೂ ಆಗಿರುವುದು.

ಯಾವುದು ಯೋಗ್ಯ, ಯಾವುದು ಅಯೋಗ್ಯ

ಕೆಲಸಕ್ಕೆ ತೊಡಗುವ ಮುನ್ನ ಆ ಸಾಮಾನು ನಿತ್ಯವೂ ಎಂತಹ ಶ್ರಮವನ್ನು ಸಹಿಸುತ್ತದೆಂಬುದನ್ನು ವಿಚಾರಿಸಬೇಕು. ಚಪಾತಿ ಮಣೆ, ಲಟ್ಟಣಿಗೆ, ತುರಿಮಣೆಯ ಹಲಗೆ, ಉಪ್ಪಿನ ಮರಿಗೆ, ಕಡಗೋಲು ಇವು ನೀರನ್ನು ಕಂಡರೂ ಕುದಿಯುವ ಶಾಖವನ್ನು ಕಾಣವು. ಆದುದರಿಂದ ಅಂಟಿನ ದುರಸ್ತಿಗೆ ಯೋಗ್ಯವಾದವು. ಕುದಿಯುವ ಎಸರಿನಲ್ಲಿ ರಾಗಿ ಹಿಟ್ಟನ್ನು ತೊಳಸುವ ಮುದ್ದೆ ಕೋಲು ಶಾಖವನ್ನೂ ತೋಳಿನ ಪೂರ್ಣಬಲವನ್ನೂ ಏಕಕಾಲದಲ್ಲಿ ಹೊರತಕ್ಕದ್ದಾದುದರಿಂದ, ಅದು ಮುರಿದರೆ ಹೊಸದನ್ನು ಮಾಡಿಸುವುದೇ ಲೇಸು. ಬಿಸಿ ಸಾರಿನಲ್ಲಿ ಮುಳುಗುವ ಸೌಟಿನ ವಿಷಯವೂ ಹಾಗೆಯೇ. ಹಿಡಿಯ ಮೇಲ್ಭಾಗ ಮಾತ್ರ ಮುರಿದಿದ್ದರೆ ಕೂಡಿಸಬಹುದು. ಬೂಷ್ಟು ಆಳಕ್ಕೆ ಇಳಿದ, ಹುಳು ತಿಂದ, ಕಮಟು ವಾಸನೆ ಬಿಡದ ಮರವನ್ನು ಮಮತೆಯಿಂದಲೂ ಉಳಿಸಿಕೊಳ್ಳಬಾರದು.

ಅಂಟಿನ ಆಯ್ಕೆ

ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ಬೇಲದ ಕಾಯಿ, ಗುಗ್ಗುಳ ಮೊದಲಾದ ದ್ರವ್ಯಗಳನ್ನು ಕುದಿಸಿ ಮಾಡುವ ವಜ್ರಲೇಪವನ್ನು ವರ್ಣಿಸಿರುವನಾದರೂ, ಅದು ದೇವಾಲಯ, ವಿಗ್ರಹ, ಗೋಡೆಗಳಿಗಾಗಿ ಹೇಳಿದುದು. ಅಲ್ಲಿ ಬಲವೊಂದೇ ಪ್ರಶ್ನೆ. ಅಡಿಗೆಮನೆಯಲ್ಲಿ ಬಲದ ಜೊತೆಗೆ ನಿರಪಾಯತೆಯೂ ಪ್ರಶ್ನೆಯಾಗುತ್ತದೆ. ಮರಗೆಲಸಕ್ಕೆ ಬಳಸುವ, ಪಾಲಿವಿನೈಲ್ ಅಸಿಟೇಟ್ ವರ್ಗದ ಜಲನಿರೋಧಕ ಅಂಟುಗಳಲ್ಲಿ ಕೆಲವನ್ನು, ಉದಾಹರಣೆಗೆ ಟೈಟ್‌ಬಾಂಡ್ 3 ಎಂಬುದನ್ನು, ಪೂರ್ಣವಾಗಿ ಒಣಗಿದ ಮೇಲೆ ಆಹಾರದ ಪರೋಕ್ಷ ಸಂಪರ್ಕಕ್ಕೆ ಯೋಗ್ಯವೆಂದು ತಯಾರಕರು ಘೋಷಿಸಿರುವರು. ಈ ಪರೋಕ್ಷ ಎಂಬ ನಿಬಂಧನೆಯಲ್ಲಿಯೇ ಮರ್ಮವಡಗಿದೆ: ಅಮೆರಿಕದ ಆಹಾರ ಮತ್ತು ಔಷಧ ಆಡಳಿತದ ನಿಯಮದಂತೆ, ಅಂಟು ಆಹಾರದಿಂದ ಮರೆಯಾಗಿರಬೇಕು, ಇಲ್ಲವೆ ಸಂದಿನ ಅಂಚಿನಲ್ಲಿ ಲೇಶಮಾತ್ರ ಕಾಣಬೇಕು. ಬಿರುಕನ್ನು ಅಂಟಿನಿಂದಲೇ ತುಂಬಿ ಮುಚ್ಚುವುದು ಆದಕಾರಣ ಸರ್ವಥಾ ಸಲ್ಲದು.

ಅಂಗಡಿಯಲ್ಲಿ ಕೊಳ್ಳುವಾಗ ಡಬ್ಬಿಯ ಮೇಲೆ ಆಹಾರಸಂಪರ್ಕದ ಉಲ್ಲೇಖವೂ, ನೀರನ್ನು ತಡೆಯುವ ಉಲ್ಲೇಖವೂ ಎರಡೂ ಉಂಟೇ ಎಂಬುದನ್ನು ನೋಡತಕ್ಕದ್ದು. ಸಾಮಾನ್ಯ ಬಿಳಿ ಅಂಟು ನೀರಿನಲ್ಲಿ ಮೆದುವಾಗುತ್ತದೆ. ಕ್ಷಣದಲ್ಲಿ ಹಿಡಿಯುವ ಅಂಟು ಪೆಡಸಾಗಿ, ಪೆಟ್ಟಿಗೂ ತೇವಕ್ಕೂ ಬಿಟ್ಟುಕೊಡುತ್ತದೆ. ಹಳೆಯ ಬಡಗಿಗಳ ಸರೇಸು ಪ್ರಾಣಿಗಳ ಚರ್ಮ ಮತ್ತು ಮೂಳೆಗಳಿಂದ ಆದುದು. ಅದು ಬಿಸಿನೀರಿನಲ್ಲಿ ಕರಗುವುದಲ್ಲದೆ, ಸಸ್ಯಾಹಾರಿಗಳ ಮನೆಗೆ ಒಪ್ಪತಕ್ಕದ್ದೂ ಅಲ್ಲ.

ಕೆಲಸದ ಕ್ರಮ

1. ಶುದ್ಧಿ: ಮುರಿದ ತುಂಡುಗಳನ್ನು ಬಿಸಿನೀರು, ಸೋಪು ಮತ್ತು ಬ್ರಷ್ಷಿನಿಂದ ತಿಕ್ಕಿ ಜಿಡ್ಡು ತೆಗೆದು, ನೆರಳಿನಲ್ಲಿ ಎರಡು ಮೂರು ದಿನ ಒಣಗಿಸಿರಿ, ಬಿಸಿಲಿನಲ್ಲಿ ಒಣಗಿಸಿದರೆ ಹಲಗೆ ಸೊಟ್ಟಗಾಗುವ ಭಯವುಂಟು. ತೇಗ, ಬೀಟೆಗಳಂತೆ ಸ್ವಭಾವತಃ ಎಣ್ಣೆಯುಳ್ಳ ಮರವಾದರೆ, ಅಂಟು ಹಚ್ಚುವ ಮುನ್ನ ಅಸಿಟೋನ್ ಸೋಕಿಸಿದ ಬಟ್ಟೆಯಿಂದ, ಒಲೆಯಿಂದ ದೂರದಲ್ಲಿ, ಕೂಡುವ ಮುಖಗಳನ್ನು ಒರಸಿ ಆರಗೊಡಬೇಕು.

2. ಒಣ ಜೋಡಣೆ: ಅಂಟಿಲ್ಲದೆ ತುಂಡುಗಳನ್ನು ಕೂಡಿಸಿ ಬೆಳಕಿಗೆ ಹಿಡಿದು ನೋಡಿರಿ. ಹೊಸ ಮುರಿತವಾದರೆ ಎಳೆಯೊಳಗೆ ಎಳೆ ಸೇರಿ ಗೆರೆಯೇ ಮರೆಯಾಗುವುದರಿಂದ, ಆ ಮುಖಗಳನ್ನು ಉಪ್ಪುಕಾಗದದಿಂದ ಉಜ್ಜಲೇಬಾರದು. ಬಹುಕಾಲದ ಹಿಂದೆ ಸೀಳಿ ಅಂಚು ಸವೆದ ಮಣೆಯಾದರೆ, ಬಡಗಿಯಿಂದ ಉಜ್ಜುಗೊರಡು ಹೊಡೆಸಿ ಎರಡು ಅಂಚುಗಳನ್ನೂ ಸಮಮಾಡಿಸಿ, ಬೆಳಕು ತೂರದಂತಾದ ಮೇಲೆಯೇ ಮುಂದುವರಿಯತಕ್ಕದ್ದು.

3. ಲೇಪನ: ಎರಡು ಮುಖಗಳಿಗೂ ತೆಳುವಾಗಿ, ಎಲ್ಲೆಡೆಯೂ ತಗಲುವಂತೆ ಅಂಟನ್ನು ಹಚ್ಚಿರಿ. ಟೈಟ್‌ಬಾಂಡ್ 3ರಂತಹ ಅಂಟಿಗೆ ಸುಮಾರು 10 ನಿಮಿಷದ ಅವಕಾಶವಿರುವುದಾದರೂ, ನಮ್ಮ ಬೇಸಗೆಯಲ್ಲಿ ಅದು ಬೇಗನೆ ಪೊರೆಗಟ್ಟುವುದರಿಂದ, ಬಿಗಿಯುವ ಸಾಧನಗಳನ್ನು ಮೊದಲೇ ಸಿದ್ಧಪಡಿಸಿಕೊಂಡಿರಬೇಕು.

4. ಬಂಧನ: ದುಂಡು ಹಿಡಿಗೆ ಹಳೆಯ ಸೈಕಲ್ ಟ್ಯೂಬಿನಿಂದ ಕತ್ತರಿಸಿದ ಉದ್ದನೆಯ ಪಟ್ಟಿಯನ್ನು ಎಳೆದೆಳೆದು ಸುತ್ತುವುದಕ್ಕಿಂತ ಉತ್ತಮ ಉಪಾಯವಿಲ್ಲ. ಮಣೆಗೆ ಬಡಗಿಯ ಕ್ಲಾಂಪು ದೊರೆಯದಿದ್ದರೆ, ಸುತ್ತಲೂ ಹಗ್ಗ ಬಿಗಿದು, ಹಗ್ಗಕ್ಕೂ ಅಂಚಿಗೂ ನಡುವೆ ಬೆಣೆಗಳನ್ನು ಮೆಲ್ಲನೆ ಬಡಿದರೆ ಸಾಕು. ಸಂಧಿಯ ಉದ್ದಕ್ಕೂ ಸಾಸಿವೆಕಾಳಿನಷ್ಟು ಸಣ್ಣ ಹನಿಗಳು ಸಾಲಾಗಿ ಹೊಮ್ಮಿದರೆ ಅಂಟೂ ಒತ್ತಡವೂ ಸರಿಯಾಗಿವೆಯೆಂದು ತಿಳಿಯಿರಿ. ಹನಿ ಕಾಣದಿದ್ದರೆ ಅಂಟು ಸಾಲದು, ಹರಿದು ಇಳಿದರೆ ಹೆಚ್ಚಾಯಿತು. ಹೊಮ್ಮಿದುದನ್ನು ಒದ್ದೆ ಬಟ್ಟೆಯಿಂದ ಒಡನೆಯೇ ಒರಸಿಬಿಡಿ.

5. ವಿರಾಮ: ಅರ್ಧ ಗಂಟೆಯ ತರುವಾಯ ಕಟ್ಟು ಬಿಚ್ಚಬಹುದಾದರೂ ರಾತ್ರಿಯಿಡೀ ಬಿಡುವುದು ಮೇಲು, 24 ಗಂಟೆ ಕಳೆಯುವವರೆಗೆ ಭಾರ ಹಾಕಬಾರದು.

6. ನಯಗೊಳಿಸುವುದು: ಒಣಗಿದ ಅಂಟಿನ ಗೆರೆಯನ್ನು ಹರಿತವಾದ ಅಲಗಿನಿಂದ ಕೆರೆದು, 120 ಮತ್ತು ಅನಂತರ 220 ನಂಬರಿನ ಉಪ್ಪುಕಾಗದದಿಂದ ಮರದ ಎಳೆಯ ಗುಂಟ ಉಜ್ಜಿರಿ. ಒದ್ದೆ ಬಟ್ಟೆಯಿಂದೊಮ್ಮೆ ಒರಸಿ, ಒಣಗಿ ಎಳೆಗಳು ಎದ್ದ ಮೇಲೆ ಮತ್ತೊಮ್ಮೆ ಹಗುರವಾಗಿ ಉಜ್ಜಿದರೆ ತೊಳೆದಾಗ ಮೈ ಒರಟಾಗದು.

ದಂಡ ಅಡ್ಡಲಾಗಿ ತುಂಡಾದರೆ

ಎಳೆಯ ಗುಂಟ ಸೀಳಿದ ಮರ ಅಂಟಿನಿಂದಲೇ ಪೂರ್ವಬಲವನ್ನು ಪಡೆಯಬಲ್ಲುದು. ಎಳೆಗೆ ಅಡ್ಡಲಾಗಿ ಮುರಿದುದರಲ್ಲಿ ತುದಿಗಳು ಅಂಟನ್ನು ಒಳಕ್ಕೆ ಹೀರಿಕೊಳ್ಳುವುದರಿಂದ ಸಂಧಿ ದುರ್ಬಲವಾಗುತ್ತದೆ. ಕಡಗೋಲಿನ ದಂಡವು ಹೀಗೆ ತುಂಡಾದಾಗ, ಎರಡು ತುದಿಗಳ ಮಧ್ಯದಲ್ಲಿಯೂ ಎದುರುಬದುರಾಗಿ 4 ಮಿಲಿಮೀಟರ್ ಅಗಲ, 2 ಸೆಂಟಿಮೀಟರ್ ಆಳದ ರಂಧ್ರ ಕೊರೆದು, ಅವೆರಡಕ್ಕೂ ಸರಿಹೊಂದುವ ಬಿದಿರಿನ ಗೂಟವನ್ನು ಅಂಟಿನೊಡನೆ ಸೇರಿಸಬೇಕು. ಗೂಟದ ಮೈಯಲ್ಲಿ ಚಾಕುವಿನಿಂದ ಉದ್ದಕ್ಕೊಂದು ಸಣ್ಣ ಗೀರು ಎಳೆದಿರಬೇಕು. ಅದಿಲ್ಲದಿದ್ದರೆ ಒಳಗೆ ಸಿಕ್ಕಿದ ಗಾಳಿಯೂ ಅಂಟೂ ಹೊರಬರಲಾರದೆ ಗೂಟವನ್ನು ಹಿಂದಕ್ಕೆ ನೂಕುವುವು. ತುದಿಗಳಿಗೆ ಮೊದಲು ಒಂದು ಸಲ ಅಂಟು ಸವರಿ, ಅದು ಹೀರಿಕೊಂಡ ಮೇಲೆ ಇನ್ನೊಂದು ಸಲ ಸವರಿ ಕೂಡಿಸಿರಿ.

ಎಣ್ಣೆ ಮತ್ತು ಆರೈಕೆ

ದುರಸ್ತಿಯಾದ ಸಾಮಾನಿಗೆ ಎಣ್ಣೆ ಕುಡಿಸುವುದು ಅವಶ್ಯ. ಕಡಲೆಕಾಯಿ ಎಣ್ಣೆಯಂತಹವು ಒಣಗದೆ ಕಾಲಕ್ರಮದಲ್ಲಿ ಕನರು ವಾಸನೆ ಬೀರುವುದರಿಂದ, ಔಷಧದಂಗಡಿಯಲ್ಲಿ ದೊರೆಯುವ ಲಿಕ್ವಿಡ್ ಪ್ಯಾರಾಫಿನ್ ಎಣ್ಣೆಯನ್ನು ಒಂದಿಷ್ಟು ಶುದ್ಧ ಜೇನುಮೇಣದೊಡನೆ ಬಿಸಿನೀರಿನ ಪಾತ್ರೆಯ ಮೇಲಿಟ್ಟು ಕರಗಿಸಿ ಹಚ್ಚಿರಿ. ಬಣ್ಣದಂಗಡಿಯ ಕಾಯಿಸಿದ ಅಗಸೆ ಎಣ್ಣೆಯಲ್ಲಿ ಬೇಗ ಒಣಗಲೆಂದು ಲೋಹದ ಲವಣಗಳನ್ನು ಸೇರಿಸಿರುವುದುಂಟು. ಅದು ಆಹಾರದ ಸಾಮಾನಿಗೆ ಬೇಡ. ಕೂಡಿಸಿದ ಸಾಮಾನನ್ನು ನೀರಿನಲ್ಲಿ ನೆನೆಹಾಕದೆ, ತೊಳೆದ ಕೂಡಲೆ ಒರಸಿ ನಿಲ್ಲಿಸಿ ಆರಿಸಬೇಕು. ಪಾತ್ರೆ ತೊಳೆಯುವ ಯಂತ್ರಕ್ಕಂತೂ ಹಾಕಲೇಬಾರದು.

ತಿಂಗಳಿಗೊಮ್ಮೆ ಉಗುರಿನ ತುದಿಯನ್ನು ಸಂಧಿಯ ಮೇಲೆ ಅಡ್ಡಲಾಗಿ ಎಳೆದು ನೋಡಿರಿ. ಉಗುರು ಎಲ್ಲಿಯೂ ತಡೆಯದಿದ್ದರೆ ದುರಸ್ತಿ ಸುಸ್ಥಿತಿಯಲ್ಲಿದೆ. ತಡೆದರೆ ಸಂದು ಬಿಟ್ಟಿದೆ, ಅಲ್ಲಿ ಆಹಾರದ ಕಣ ಸೇರಿ ಕೊಳೆಯುವ ಮುನ್ನ ಬಿಚ್ಚಿ, ಹಳೆಯ ಅಂಟನ್ನು ಪೂರ್ತಿಯಾಗಿ ಕೆರೆದು ತೆಗೆದು, ಮೊದಲಿನಿಂದ ಕೂಡಿಸತಕ್ಕದ್ದು. ಹಳೆಯ ಅಂಟಿನ ಮೇಲೆ ಹೊಸ ಅಂಟು ಹಿಡಿಯದು.