ಚೀಟಿ ಬರೆಯುವ ಕೆಲಸ

ನೋಡು ಮಗಾ, ಎಂ.ಎ. ಮುಗಿಸಿ ಅರಳಗುಪ್ಪೆಗೆ ಬಂದಿದ್ದೀಯ. ನಮ್ಮ ಸೀಮೆಯ ಮಾತುಗಳನ್ನೆಲ್ಲ ಕೂಡಿಸಿ ಒಂದು ಪದಕೋಶ ಮಾಡುತ್ತೇನೆ ಅಂದೆ, ಸಂತೋಷ. ಆದರೆ ಅದರ ಬೆನ್ನಿಗೇ 'ಆರು ತಿಂಗಳಲ್ಲಿ ಮುಗಿಸಿಬಿಡ್ತೀನಿ ತಾತ' ಅಂದೆಯಲ್ಲ, ಅದಕ್ಕೇ ಇಷ್ಟು ಹೇಳುತ್ತಿರುವುದು.

ನಿಘಂಟು ಮಾಡಿದ ಜಿ. ವೆಂಕಟಸುಬ್ಬಯ್ಯನವರು ಗಂಜಾಂನಲ್ಲಿ 1913ರಲ್ಲಿ ಹುಟ್ಟಿದವರು, 2021ರಲ್ಲಿ ತೀರಿಕೊಂಡರು. ಜನ ಅವರ ನೂರೇಳು ವರ್ಷದ ಆಯಸ್ಸನ್ನು ಹೊಗಳುತ್ತಾರೆ. ನನಗೆ ದೊಡ್ಡದಾಗಿ ಕಾಣುವುದು ಅವರ ತಾಳ್ಮೆ. ಅವರು ದುಡಿದ, ಸಾಹಿತ್ಯ ಪರಿಷತ್ತಿನ ಕನ್ನಡ ನಿಘಂಟಿನ ಮೊದಲ ಸಂಪುಟ ಬಂದದ್ದು 1970ರಲ್ಲಿ, ಎಂಟನೆಯದು 1995ರಲ್ಲಿ. ಅಚ್ಚಿಗೆ ಹೋಗುವ ಮುಂಚೆ ಎಷ್ಟೋ ವರ್ಷ ಬರೀ ಚೀಟಿ. ಕಾವ್ಯವನ್ನೋ ಶಾಸನವನ್ನೋ ಸಾಲುಸಾಲಾಗಿ ಓದಬೇಕು. ಪದ, ಅದು ಬಂದ ಸಾಲು, ಯಾವ ಕೃತಿ, ಎಲ್ಲಿ ಎಂದು ಬರೆದು ಅಕಾರಾದಿಯಲ್ಲಿ ಜೋಡಿಸಬೇಕು. ಇದಕ್ಕೆ ಚಪ್ಪಾಳೆ ತಟ್ಟುವವರು ಯಾರು? ಎಷ್ಟೋ ವಿದ್ವಾಂಸರು ಕೂಡಿ ದುಡಿದ ಕೆಲಸ ಅದು. ಮುಗಿದದ್ದನ್ನು ನೋಡಲು ಅವರಲ್ಲಿ ಎಲ್ಲರೂ ಉಳಿಯಲಿಲ್ಲ. ವೆಂಕಟಸುಬ್ಬಯ್ಯನವರು 'ಪ್ರಜಾವಾಣಿ' ಪತ್ರಿಕೆಯಲ್ಲಿ 'ಇಗೋ ಕನ್ನಡ' ಅಂಕಣ ಶುರು ಮಾಡಿ ಓದುಗರ ಪ್ರಶ್ನೆಗಳಿಗೆ ಉತ್ತರ ಬರೆಯಲು ಕೂತಾಗ ವಯಸ್ಸು ಎಪ್ಪತ್ತು ದಾಟಿ ಬಹಳ ಕಾಲವಾಗಿತ್ತು.

ಇಂಥದೇ ತಾಳ್ಮೆಯ ಇನ್ನೊಬ್ಬರು ಜಪಾನಿನ ಮೊರೊಹಾಶಿ ತೆತ್ಸುಜಿ, ಚೀನೀ ಅಕ್ಷರಗಳಿಗೆ ಜಪಾನಿ ಅರ್ಥಕೋಶ ಮಾಡಿದವರು. 1943ರಲ್ಲಿ ಮೊದಲ ಸಂಪುಟ ಬಂತು, 1945ರ ಬಾಂಬ್ ದಾಳಿಯಲ್ಲಿ ಅಚ್ಚಿನ ಮೊಳೆಗಳೆಲ್ಲ ಹಾಳಾದವು. ಬೇರೆ ಕಡೆ ಇಟ್ಟಿದ್ದ ಕರಡುಪ್ರತಿ ಉಳಿದಿತ್ತು, ಅದನ್ನು ಹಿಡಿದು ಮತ್ತೆ ಕೂತರು. ಹದಿಮೂರನೆಯ ಸಂಪುಟ 1960ರಲ್ಲಿ ಮುಗಿಯಿತು. ಅಷ್ಟರಲ್ಲಿ ಒಂದು ಕಣ್ಣೇ ಹೋಗಿತ್ತು. ಕಣ್ಣು ಕಳೆದುಕೊಂಡದ್ದನ್ನು ನಾನು ಮೆಚ್ಚುವುದಿಲ್ಲ, ನೀನು ಒಳ್ಳೇ ಬೆಳಕಿನಲ್ಲಿ ಕೂರು. ಕರಡನ್ನು ಬೇರೆ ಕಡೆ ಇಟ್ಟಿದ್ದರಲ್ಲ, ಆ ಬುದ್ಧಿ ಕಲಿ.

ಇನ್ನು ನಿನ್ನ ಪದಕೋಶದ ಮಾತು. ಲ್ಯಾಪ್‌ಟಾಪ್ ಆಮೇಲೆ ತೆಗೆದರಾಯಿತು, ಮೊದಲು ಕೊಬ್ಬರಿ ಅಟ್ಟ ಹತ್ತು. ಹತ್ತು-ಹನ್ನೆರಡು ತಿಂಗಳು ಒಣಗಿದ ಕಾಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗಿನ ಗಿಟುಕು ಚಿಪ್ಪು ಬಿಟ್ಟಿದೆಯೋ ಇಲ್ಲವೋ ಹೇಳುವವರು ಇನ್ನೂ ಇದ್ದಾರೆ. ಅವರ ಪಕ್ಕದಲ್ಲಿ ಸುಮ್ಮನೆ ಕೂರು. 'ಇದಕ್ಕೇನಂತೀರಿ?' ಅಂತ ಪದೇಪದೇ ಕೇಳಿದರೆ ನಿನಗೋಸ್ಕರ ಪೇಟೆ ಮಾತು ಹೇಳಿಬಿಡುತ್ತಾರೆ. ಕೆಲಸದ ನಡುವೆ ಬಂದ ಮಾತನ್ನು ಬಂದ ಹಾಗೇ ಬರೆದುಕೋ. ಯಾವ ಊರು, ಯಾವ ಕೆಲಸ ಮಾಡುವಾಗ ಬಂತು ಅನ್ನುವುದೂ ಇರಲಿ. ತುರುವೇಕೆರೆಯವರು ಒಂದಂದು ಚಿಕ್ಕನಾಯಕನಹಳ್ಳಿಯವರು ಇನ್ನೊಂದಂದರೆ, ನೀನು ಪಂಚಾಯ್ತಿ ಮಾಡಬೇಡ, ಎರಡನ್ನೂ ಬರೆ.

ಚೀಟಿ ಇಡಲು ಪೆಟ್ಟಿಗೆ ನಾನು ಕೊಡುತ್ತೇನೆ. ಒಂದು ಪ್ರತಿ ಮಾತ್ರ ತಿಪಟೂರಿನಲ್ಲಿ ನಿಮ್ಮತ್ತೆ ಮನೆಯಲ್ಲಿರಲಿ. ನಮ್ಮ ಮನೆಯಲ್ಲಿ ಇಲಿ ಕಾಟ.