ಐಟಿಐ ಪ್ರವೇಶ ಮತ್ತು ಹಾಜರಿ: ವಿದ್ಯಾರ್ಥಿಯ ಹೆಸರು ಎಲ್ಲೆಲ್ಲಿ ಇರಬೇಕು

ಕೈಗಾರಿಕಾ ತರಬೇತಿ ಸಂಸ್ಥೆಗಳು, ಜನರ ಬಾಯಲ್ಲಿ ಐಟಿಐಗಳು, 1950ರಲ್ಲಿ ಭಾರತ ಸರ್ಕಾರ ಆರಂಭಿಸಿದ ಕುಶಲಕರ್ಮಿ ತರಬೇತಿ ಯೋಜನೆಯಡಿ ನಡೆಯುತ್ತವೆ. ಈ ಯೋಜನೆಯಲ್ಲಿ ಅಧಿಕಾರ ಎರಡು ಕಡೆ ಹಂಚಿಹೋಗಿದೆ. ಪಠ್ಯಕ್ರಮ, ಸಂಸ್ಥೆಗಳ ಮಾನ್ಯತೆ, ಅಖಿಲ ಭಾರತ ವೃತ್ತಿ ಪರೀಕ್ಷೆ ಮತ್ತು ರಾಷ್ಟ್ರೀಯ ವೃತ್ತಿ ಪ್ರಮಾಣಪತ್ರ ಕೇಂದ್ರದ ತರಬೇತಿ ಮಹಾನಿರ್ದೇಶನಾಲಯಕ್ಕೆ ಸೇರಿದವು. ಪ್ರವೇಶ, ಸೀಟು ಹಂಚಿಕೆ, ದಿನನಿತ್ಯದ ಆಡಳಿತ ಕರ್ನಾಟಕದಲ್ಲಿ ಕೈಗಾರಿಕಾ ತರಬೇತಿ ಮತ್ತು ಉದ್ಯೋಗ ಇಲಾಖೆಯ ಕೆಲಸ. ಹೀಗಾಗಿ ವಿದ್ಯಾರ್ಥಿ ಸೀಟು ಪಡೆಯುವುದು ರಾಜ್ಯದ ಪಟ್ಟಿಯಲ್ಲಿ, ಪರೀಕ್ಷೆಗೆ ಕೂರುವುದು ಕೇಂದ್ರದ ಪಟ್ಟಿಯಲ್ಲಿ. ಒಂದರಲ್ಲಿ ಹೆಸರಿದ್ದು ಇನ್ನೊಂದರಲ್ಲಿ ಇಲ್ಲದಿದ್ದರೆ ವರ್ಷವಿಡೀ ವರ್ಕ್‌ಶಾಪಿನಲ್ಲಿ ಬೆವರು ಹರಿಸಿದರೂ ಪ್ರಮಾಣಪತ್ರ ಸಿಗುವುದಿಲ್ಲ. ಐಟಿಐ ವಿದ್ಯಾರ್ಥಿಗಳು ಎದುರಿಸುವ ಹಲವು ತೊಂದರೆಗಳ ಬೇರು ಇಲ್ಲೇ ಇದೆ.

ಪ್ರವೇಶಕ್ಕೆ ಕನಿಷ್ಠ ವಯಸ್ಸು 14. ಗರಿಷ್ಠ ವಯೋಮಿತಿ ಇಲ್ಲ. ಮೂವತ್ತು ದಾಟಿದ ಗೃಹಿಣಿಯಾಗಲಿ, ಹತ್ತು ವರ್ಷ ಗ್ಯಾರೇಜಿನಲ್ಲಿ ದುಡಿದವರಾಗಲಿ ವಯಸ್ಸಿನ ಕಾರಣಕ್ಕೆ ಹಿಂದೆ ಸರಿಯಬೇಕಿಲ್ಲ. ವಿದ್ಯಾರ್ಹತೆ ಟ್ರೇಡಿನಿಂದ ಟ್ರೇಡಿಗೆ ಬೇರೆ. ಫಿಟ್ಟರ್, ಎಲೆಕ್ಟ್ರಿಷಿಯನ್ ಮುಂತಾದ ಎರಡು ವರ್ಷದ ಟ್ರೇಡುಗಳಿಗೆ ವಿಜ್ಞಾನ ಮತ್ತು ಗಣಿತ ಓದಿ ಎಸ್‌ಎಸ್‌ಎಲ್‌ಸಿ ಪಾಸಾಗಿರಬೇಕು. ಒಂದು ವರ್ಷದ ವೆಲ್ಡರ್, ಎರಡು ವರ್ಷದ ವೈರ್‌ಮನ್ ಟ್ರೇಡುಗಳಿಗೆ ಎಂಟನೇ ತರಗತಿ ಸಾಕು. ಎಸ್‌ಎಸ್‌ಎಲ್‌ಸಿಯಲ್ಲಿ ಫೇಲಾದ ಕೂಡಲೇ ಐಟಿಐ ಬಾಗಿಲು ಮುಚ್ಚಿತೆಂದು ಮನೆಯಲ್ಲಿ ಕೂರುವ ಮಕ್ಕಳಿಗೆ ಈ ಮಾಹಿತಿ ಸಮಯಕ್ಕೆ ತಲುಪಬೇಕು.

ಸರ್ಕಾರಿ ಸೀಟುಗಳಿಗೆ ಇಲಾಖೆಯ ಜಾಲತಾಣದಲ್ಲಿ ಅರ್ಜಿ ಹಾಕಬೇಕು. ಅಂಕ ಮತ್ತು ಮೀಸಲಾತಿಯ ಆಧಾರದಲ್ಲಿ ಸುತ್ತು ಸುತ್ತಾಗಿ ಹಂಚಿಕೆ ನಡೆಯುತ್ತದೆ. ತರಬೇತಿ ವರ್ಷ ಆಗಸ್ಟ್‌ನಲ್ಲಿ ಶುರುವಾಗುವುದರಿಂದ ಎಸ್‌ಎಸ್‌ಎಲ್‌ಸಿ ಫಲಿತಾಂಶ ಬಂದ ಮೇಲಿನ ವಾರಗಳು ಮುಖ್ಯ. ಹಂಚಿಕೆಯಾದ ಸೀಟನ್ನು ನಿಗದಿತ ದಿನದೊಳಗೆ ಮೂಲ ದಾಖಲೆ ತೋರಿಸಿ, ಶುಲ್ಕ ಕಟ್ಟಿ ಖಚಿತಪಡಿಸಿಕೊಳ್ಳದಿದ್ದರೆ ಅದು ಮುಂದಿನವರ ಪಾಲಾಗುತ್ತದೆ. ಜಾತಿ, ಆದಾಯ ಪ್ರಮಾಣಪತ್ರಗಳನ್ನು ನಾಡಕಚೇರಿಯಿಂದ ಮೊದಲೇ ಮಾಡಿಸಿಟ್ಟುಕೊಳ್ಳುವುದು ಲೇಸು. ಕೊನೆಯ ದಿನ ಓಡಾಡಿ ಸೀಟು ಕಳೆದುಕೊಂಡಾಗ ಅದನ್ನು ಮರಳಿ ಕೊಡಿಸಲು ಕಾನೂನಿಗೆ ದಾರಿ ಕಡಿಮೆ.

ಕಲ್ಯಾಣ ಕರ್ನಾಟಕದ ಅಭ್ಯರ್ಥಿಗಳಿಗೆ ಸಂವಿಧಾನವೇ ಕೊಟ್ಟಿರುವ ಒಂದು ಹಕ್ಕಿದೆ. 371ಜೆ ವಿಧಿ ಆ ಪ್ರದೇಶದ ಶಿಕ್ಷಣ ಸಂಸ್ಥೆಗಳ ಜೊತೆಗೆ ವೃತ್ತಿ ತರಬೇತಿ ಸಂಸ್ಥೆಗಳನ್ನೂ ಹೆಸರಿಸಿ, ಹುಟ್ಟಿನಿಂದ ಅಥವಾ ವಾಸದಿಂದ ಅಲ್ಲಿಗೆ ಸೇರಿದವರಿಗೆ ಸೀಟು ಕಾದಿರಿಸಲು ಅವಕಾಶ ಕಲ್ಪಿಸುತ್ತದೆ. 2013ರಲ್ಲಿ ಜಾರಿಗೆ ಬಂದ ಈ ವ್ಯವಸ್ಥೆಯಲ್ಲಿ ಪ್ರದೇಶದೊಳಗಿನ ಸಂಸ್ಥೆಗಳಲ್ಲಿ ಸ್ಥಳೀಯರಿಗೆ ಮೀಸಲಾದ ಪಾಲು ಶೇ 70. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯನಗರ ಜಿಲ್ಲೆಗಳವರು ಉಪವಿಭಾಗಾಧಿಕಾರಿಯಿಂದ ಅರ್ಹತಾ ಪ್ರಮಾಣಪತ್ರ ಪಡೆದು ಅರ್ಜಿಯ ಜೊತೆಗೇ ಕೊಡಬೇಕು. ಹಂಚಿಕೆ ಮುಗಿದ ಮೇಲೆ ತಂದರೆ ಅದರಿಂದ ಪ್ರಯೋಜನವಿಲ್ಲ.

ಖಾಸಗಿ ಐಟಿಐ ಸೇರುವವರು ಕಟ್ಟಡ, ಬಸ್ಸು, ಫಲಕ ನೋಡುವ ಮೊದಲು ಮಾನ್ಯತೆ ನೋಡಬೇಕು. ಮಾನ್ಯತೆ ಸಂಸ್ಥೆಗೆ ಇಡಿಯಾಗಿ ಸಿಗುವುದಲ್ಲ. ಟ್ರೇಡಿಗೆ ಇಷ್ಟು, ಯೂನಿಟ್ಟಿಗೆ ಇಷ್ಟು ಎಂದು ಎಣಿಸಿ ಕೊಡುವುದು. ಎಲೆಕ್ಟ್ರಿಷಿಯನ್ ಅಥವಾ ಫಿಟ್ಟರ್ ಟ್ರೇಡಿನ ಒಂದು ಯೂನಿಟ್ಟಿನಲ್ಲಿ 20 ಸೀಟು, ಕಂಪ್ಯೂಟರ್ ಆಪರೇಟರ್ ಟ್ರೇಡಿನಲ್ಲಿ 24. ಎರಡು ಯೂನಿಟ್ಟಿಗೆ ಮಾನ್ಯತೆ ಇರುವ ಕಡೆ ಅರವತ್ತು ಮಂದಿಯನ್ನು ಸೇರಿಸಿಕೊಂಡರೆ ಹೆಚ್ಚುವರಿ ಇಪ್ಪತ್ತು ಮಂದಿಗೆ ಕೇಂದ್ರದ ಪಟ್ಟಿಯಲ್ಲಿ ಜಾಗವೇ ಇರುವುದಿಲ್ಲ. ಸಂಸ್ಥೆಯ ಹೆಸರು, ಟ್ರೇಡು, ಮಾನ್ಯತೆ ಪಡೆದ ಸೀಟುಗಳ ಸಂಖ್ಯೆಯನ್ನು ತರಬೇತಿ ಮಹಾನಿರ್ದೇಶನಾಲಯದ ಜಾಲತಾಣದಲ್ಲಿ ಯಾರು ಬೇಕಾದರೂ ನೋಡಬಹುದು. ಮಾನ್ಯತೆ ಈಗ ಬರುತ್ತದೆ, ಆಗ ಬರುತ್ತದೆ ಎಂಬ ಬಾಯಿಮಾತಿಗೆ ಶುಲ್ಕ ಕಟ್ಟಬಾರದು.

ಸೇರಿದ ಮೇಲಿನ ಮೊದಲ ತಿಂಗಳಲ್ಲಿ ಮಾಡಬೇಕಾದ ಕೆಲಸ ಒಂದಿದೆ. ಪ್ರಾಚಾರ್ಯರ ಕಚೇರಿಯಲ್ಲಿ ವಿಚಾರಿಸಿ, ಕೇಂದ್ರದ ಪೋರ್ಟಲ್‌ನಲ್ಲಿ ತನ್ನ ಹೆಸರು ನೋಂದಣಿಯಾಗಿ ನೋಂದಣಿ ಸಂಖ್ಯೆ ಬಂದಿದೆಯೇ ಎಂದು ವಿದ್ಯಾರ್ಥಿ ಖುದ್ದಾಗಿ ನೋಡಿಕೊಳ್ಳಬೇಕು. ಹೆಸರಿನ ಅಕ್ಷರ, ತಂದೆ ತಾಯಿಯ ಹೆಸರು, ಹುಟ್ಟಿದ ದಿನಾಂಕ, ಟ್ರೇಡು ಇವು ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ ಮತ್ತು ಆಧಾರ್ ಎರಡರ ಜೊತೆಗೂ ತಾಳೆಯಾಗಬೇಕು. ಅಂಕಪಟ್ಟಿಯಲ್ಲಿ ಇನಿಷಿಯಲ್ ಮುಂದೆ, ಆಧಾರ್‌ನಲ್ಲಿ ಹಿಂದೆ. ಒಂದರಲ್ಲಿ ಅಪ್ಪನ ಹೆಸರು ಪೂರ್ತಿ, ಇನ್ನೊಂದರಲ್ಲಿ ಒಂದೇ ಅಕ್ಷರ. ನಮ್ಮ ಹಳ್ಳಿಗಳಲ್ಲಿ ಇದು ಮನೆ ಮನೆಯ ಕಥೆ. ಈ ಸಣ್ಣ ವ್ಯತ್ಯಾಸವೇ ಪ್ರವೇಶಪತ್ರ ಬರುವಾಗ, ಪ್ರಮಾಣಪತ್ರ ಮುದ್ರಣವಾಗುವಾಗ, ಕೊನೆಗೆ ರೈಲ್ವೆ ನೇಮಕಾತಿಯ ದಾಖಲೆ ಪರಿಶೀಲನೆಯಲ್ಲೂ ಅಡ್ಡ ಬರುತ್ತದೆ. ಸೇರಿದ ಆರಂಭದಲ್ಲಿ ಸರಿಪಡಿಸುವುದು ಸುಲಭ, ಪರೀಕ್ಷೆಯ ಹೊತ್ತಿಗೆ ಅದೇ ಕೆಲಸ ತಿಂಗಳುಗಟ್ಟಲೆ ಹಿಡಿಯುತ್ತದೆ.

ಹಾಜರಿಯ ನಿಯಮ ಕೇಳಲು ಸರಳ: ವೃತ್ತಿ ಪರೀಕ್ಷೆಗೆ ಕೂರಲು ಕನಿಷ್ಠ ಶೇ 80 ಹಾಜರಿ ಬೇಕು. ಅದರ ಅರ್ಥ ಗಂಟೆಗಳ ಲೆಕ್ಕದಲ್ಲಿ ತಿಳಿಯುತ್ತದೆ. 2022ರಲ್ಲಿ ಪರಿಷ್ಕರಿಸಿದ ಪಠ್ಯಕ್ರಮದಲ್ಲಿ ವರ್ಷಕ್ಕೆ 1,200 ಗಂಟೆ ತರಬೇತಿ. ಮೊದಲ ವರ್ಷ ಇದರಲ್ಲಿ 840 ಗಂಟೆ ಪ್ರಾಯೋಗಿಕ, 240 ಗಂಟೆ ಟ್ರೇಡ್ ಥಿಯರಿ, 120 ಗಂಟೆ ಉದ್ಯೋಗ ಕೌಶಲ. ಇದಲ್ಲದೆ ವರ್ಷಕ್ಕೆ 150 ಗಂಟೆ ಕೈಗಾರಿಕೆಯಲ್ಲಿ ಕೆಲಸದ ತರಬೇತಿ, ಅದಕ್ಕೆ ಅವಕಾಶವಿಲ್ಲದಲ್ಲಿ ಗುಂಪು ಯೋಜನೆ ಕಡ್ಡಾಯ. 1,200 ಗಂಟೆಯಲ್ಲಿ ಶೇ 80 ಅಂದರೆ 960 ಗಂಟೆ. ಉಳಿಯುವ 240 ಗಂಟೆಯನ್ನು ದಿನಕ್ಕೆ ಆರು ಗಂಟೆಯಂತೆ ಹಿಡಿದರೆ ಇಡೀ ವರ್ಷಕ್ಕೆ 40 ದಿನ. ಜ್ವರ, ಮನೆಯ ಮದುವೆ, ಊರ ಜಾತ್ರೆ, ಸುಗ್ಗಿಯ ಕೂಲಿ, ಬಸ್ಸು ತಪ್ಪಿದ ದಿನ ಎಲ್ಲವೂ ಈ 40 ದಿನಗಳೊಳಗೇ ಮುಗಿಯಬೇಕು. ಮೊದಲ ಮೂರು ತಿಂಗಳಲ್ಲಿ ಇಪ್ಪತ್ತೈದು ದಿನ ತಪ್ಪಿಸಿಕೊಂಡವರಿಗೆ ಮುಂದೆ ಒಂದು ಕಾಯಿಲೆ ಬಂದರೂ ವರ್ಷ ಕೈತಪ್ಪುವ ಅಪಾಯ ಹತ್ತಿರವಾಗುತ್ತದೆ.

ತಡವಾಗಿ ಪ್ರವೇಶ ಪಡೆದವರು ಇನ್ನೂ ಎಚ್ಚರದಿಂದಿರಬೇಕು. ಕೊನೆಯ ಸುತ್ತಿನಲ್ಲಿ ಸೇರಿದವರ ಹಾಜರಿಯನ್ನು ಯಾವ ದಿನದಿಂದ ಎಣಿಸಲಾಗುತ್ತದೆ ಎಂಬುದನ್ನು ಪ್ರಾಚಾರ್ಯರಿಂದ ಲಿಖಿತವಾಗಿ ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು.

ಐಟಿಐಯಲ್ಲಿ ಹಾಜರಿಗೆ ಇಷ್ಟು ತೂಕ ಕೊಡಲು ಕಾರಣ ತರಬೇತಿಯ ಸ್ವರೂಪದಲ್ಲೇ ಇದೆ. ಕಬ್ಬಿಣದ ತುಂಡಿಗೆ ಅರ ಹಿಡಿದು ಮಟ್ಟಸ ಮಾಡುವುದನ್ನು, ಅರ್ಥಿಂಗ್ ಸರಿಯಿದೆಯೇ ಎಂದು ಅಳೆಯುವುದನ್ನು ಪರೀಕ್ಷೆಯ ಹಿಂದಿನ ರಾತ್ರಿ ಗೈಡ್ ಓದಿ ಕಲಿಯಲಾಗದು. ತಪ್ಪಿಹೋದ ಪಾಠವನ್ನು ಗೆಳೆಯನ ನೋಟ್ಸಿನಿಂದ ತುಂಬಿಸಿಕೊಳ್ಳಬಹುದು, ತಪ್ಪಿಹೋದ ಕೈಕೆಲಸವನ್ನು ತುಂಬಿಸಿಕೊಳ್ಳಲಾಗದು. ಹೈವೋಲ್ಟೇಜ್ ತಂತಿಯ ಮುಂದೆ ನಿಲ್ಲುವವನ ಜೀವ ಆ ಗಂಟೆಗಳ ಮೇಲೆ ನಿಂತಿದೆ.

ಅಂಕಗಳಿಗೂ ಹಾಜರಿಗೂ ನೇರ ಸಂಬಂಧವಿದೆ. ವರ್ಷವಿಡೀ ನಡೆಯುವ ಆಂತರಿಕ ಮೌಲ್ಯಮಾಪನದಲ್ಲಿ ಮಾಡಿದ ಕೆಲಸದ ಜೊತೆಗೆ ತಂಡದಲ್ಲಿ ದುಡಿಯುವ ರೀತಿ, ಸಾಮಗ್ರಿ ಪೋಲಾಗದಂತೆ ನೋಡಿಕೊಳ್ಳುವುದು, ತರಬೇತಿಗೆ ನಿಯಮಿತವಾಗಿ ಬರುವುದು ಇವನ್ನೂ ಪರಿಗಣಿಸಬೇಕೆಂದು ಪಠ್ಯಕ್ರಮವೇ ಹೇಳುತ್ತದೆ. ಈ ಮೌಲ್ಯಮಾಪನದಲ್ಲೂ ಟ್ರೇಡ್ ಪ್ರಾಯೋಗಿಕದಲ್ಲೂ ಪಾಸಾಗಲು ಶೇ 60 ಬೇಕು, ಉಳಿದ ವಿಷಯಗಳಿಗೆ ಶೇ 33 ಸಾಕು. ಕೃಪಾಂಕ ಇಲ್ಲ. ಮೌಲ್ಯಮಾಪನದ ದಾಖಲೆಗಳನ್ನು ಮುಂದಿನ ಪರೀಕ್ಷೆ ಮುಗಿಯುವವರೆಗೆ ಸಂಸ್ಥೆ ಕಾಪಾಡಿಡಬೇಕು. ಅಂಕ ಕಡಿಮೆಯಾಯಿತೆಂದು ದೂರುವ ವಿದ್ಯಾರ್ಥಿಗೆ ಈ ಕೊನೆಯ ನಿಯಮ ಬಹಳ ಉಪಯುಕ್ತ.

ಹಾಜರಿ ಈಗ ಪುಸ್ತಕದಲ್ಲಷ್ಟೇ ಅಲ್ಲ, ಆಧಾರ್ ಜೋಡಿಸಿದ ಬಯೋಮೆಟ್ರಿಕ್ ಯಂತ್ರದಲ್ಲೂ ದಾಖಲಾಗುತ್ತದೆ. ಅರ, ಸುತ್ತಿಗೆ ಹಿಡಿದು ಬೆರಳ ತುದಿ ಸವೆದವರ ಗುರುತನ್ನು ಯಂತ್ರ ಒಪ್ಪದಿರಬಹುದು, ನೆಟ್‌ವರ್ಕ್ ಇಲ್ಲದ ದಿನವೂ ಇರುತ್ತದೆ. ಅಂಥ ದಿನ ಬೋಧಕರಿಗೆ ಹೇಳಿ ಹಾಜರಿ ಪುಸ್ತಕದಲ್ಲಿ ಗುರುತು ಮಾಡಿಸಿ, ಪ್ರಾಚಾರ್ಯರಿಗೆ ಎರಡು ಸಾಲಿನ ಅರ್ಜಿ ಕೊಟ್ಟು ಅದರ ಪ್ರತಿಗೆ ಮೊಹರು ಹಾಕಿಸಿಕೊಳ್ಳಬೇಕು. ಬಂದದ್ದು ನಿಜ ಎಂಬುದಷ್ಟೇ ಸಾಲದು, ಬಂದದ್ದಕ್ಕೆ ಕಾಗದ ಬೇಕು.

ರಜೆಯ ವಿಷಯವೂ ಹೀಗೆಯೇ. ಕಾಯಿಲೆಯಾದರೆ ವೈದ್ಯರ ಪ್ರಮಾಣಪತ್ರದೊಂದಿಗೆ ರಜೆ ಅರ್ಜಿಯನ್ನು ಆ ದಿನಗಳಲ್ಲೇ ತಲುಪಿಸಬೇಕು. ಹಾಜರಿ ಕೊರತೆಯ ಪಟ್ಟಿ ಗೋಡೆಗೆ ಅಂಟಿದ ಮೇಲೆ ತಂದ ಹಳೆಯ ದಿನಾಂಕದ ಪ್ರಮಾಣಪತ್ರವನ್ನು ಯಾವ ಅಧಿಕಾರಿಯೂ ನಂಬುವುದಿಲ್ಲ. ಮಂಜೂರಾದ ರಜೆ ಶಿಸ್ತು ಕ್ರಮದಿಂದ ಕಾಪಾಡುತ್ತದೆಯೇ ಹೊರತು ಹಾಜರಿಯಾಗಿ ತಾನಾಗಿ ಬದಲಾಗುವುದಿಲ್ಲ ಎಂಬುದನ್ನು ಪೋಷಕರೂ ತಿಳಿದಿರಬೇಕು. ಸೂಚನೆಯಿಲ್ಲದೆ ದಿನಗಟ್ಟಲೆ ಗೈರಾದರೆ ಸಂಸ್ಥೆ ಹೆಸರು ತೆಗೆದುಹಾಕಬಹುದು. ಆದರೆ ಹೆಸರು ತೆಗೆಯುವ ಮುನ್ನ ನೋಟಿಸ್ ಕೊಟ್ಟು ವಿವರಣೆ ಕೇಳುವುದು ಸಹಜ ನ್ಯಾಯದ ತತ್ವ. ಸರ್ಕಾರಿ ಸಂಸ್ಥೆಗೆ ಸಂವಿಧಾನದ 14ನೇ ವಿಧಿಯೂ ಅನ್ವಯಿಸುತ್ತದೆ. ವಿವರಣೆ ಕೇಳದೆ ಹೆಸರು ಹೊಡೆದ ಆದೇಶ ಮೇಲ್ಮನವಿಯಲ್ಲಿ ನಿಲ್ಲುವುದು ಕಷ್ಟ. ಅಂಗವಿಕಲ ವಿದ್ಯಾರ್ಥಿಗಳು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಡಿ ತಮ್ಮ ಸ್ಥಿತಿಗೆ ಬೇಕಾದ ಸಮಂಜಸ ಅನುಕೂಲ ಕೇಳಬಹುದು. ಅದು ದಯೆಯಲ್ಲ, ಹಕ್ಕು.

ಗೈರಿಗೆ ದಾರಿಯ ದೂರವೂ ದೊಡ್ಡ ಕಾರಣ. ಸಾರಿಗೆ ನಿಗಮಗಳ ರಿಯಾಯಿತಿ ಪಾಸಿನಲ್ಲಿ ಐಟಿಐ ವಿದ್ಯಾರ್ಥಿಗಳಿಗೆ ಪ್ರತ್ಯೇಕ ವರ್ಗವಿದೆ. ವಿದ್ಯಾರ್ಥಿನಿಯರು 2023ರ ಜೂನ್‌ನಿಂದ ಶಕ್ತಿ ಯೋಜನೆಯಡಿ ಸಾಮಾನ್ಯ ಬಸ್ಸುಗಳಲ್ಲಿ ಉಚಿತವಾಗಿ ಓಡಾಡಬಹುದು. ಮೊದಲ ಬಸ್ಸೇ ತರಗತಿ ಶುರುವಾದ ಮೇಲೆ ಬರುವ ಹಳ್ಳಿಗಳವರು ಒಟ್ಟಾಗಿ ಪ್ರಾಚಾರ್ಯರ ಮೂಲಕ ಘಟಕ ವ್ಯವಸ್ಥಾಪಕರಿಗೆ ಮನವಿ ಕೊಡುವುದು ಒಬ್ಬೊಬ್ಬರೇ ತಡವಾಗಿ ಬಂದು ಬೈಸಿಕೊಳ್ಳುವುದಕ್ಕಿಂತ ಮೇಲು.

ಹಾಜರಿ ಕಡಿಮೆ ತೋರಿಸಿದ್ದಾರೆ ಎಂಬ ಅನುಮಾನ ಬಂದರೆ ಮೊದಲು ಪ್ರಾಚಾರ್ಯರಿಗೆ ಲಿಖಿತ ಅರ್ಜಿ ಕೊಟ್ಟು ತಿಂಗಳುವಾರು ಹಾಜರಿಯ ವಿವರ ಕೇಳಬೇಕು. ಉತ್ತರ ಬಾರದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. ಶುಲ್ಕ 10 ರೂಪಾಯಿ, ಬಡತನ ರೇಖೆಗಿಂತ ಕೆಳಗಿರುವವರಿಗೆ ಅದೂ ಇಲ್ಲ. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿ 150 ಪದಗಳೊಳಗಿರಬೇಕು. 30 ದಿನದೊಳಗೆ ಉತ್ತರ ಬರಬೇಕು, ಬಾರದಿದ್ದರೆ ಮತ್ತೆ 30 ದಿನದೊಳಗೆ ಮೊದಲ ಮೇಲ್ಮನವಿ ಸಲ್ಲಿಸಬೇಕು. ಅನುದಾನವಿಲ್ಲದ ಖಾಸಗಿ ಐಟಿಐ ನೇರವಾಗಿ ಈ ಕಾಯ್ದೆಯೊಳಗೆ ಬರದಿದ್ದರೂ, ಇಲಾಖೆ ಕಾನೂನಿನಡಿ ಆ ಸಂಸ್ಥೆಯಿಂದ ಪಡೆಯಬಹುದಾದ ಮಾಹಿತಿಯನ್ನು ಇಲಾಖೆಯ ಮಾಹಿತಿ ಅಧಿಕಾರಿಯಿಂದಲೇ ಕೇಳಬಹುದು.

ದೂರು ಪ್ರಾಚಾರ್ಯರ ಹಂತದಲ್ಲಿ ಬಗೆಹರಿಯದಿದ್ದರೆ ವಿಭಾಗದ ಜಂಟಿ ನಿರ್ದೇಶಕರಿಗೆ, ಅಲ್ಲಿಂದ ಬೆಂಗಳೂರಿನ ಕೌಶಲ್ಯ ಭವನದಲ್ಲಿರುವ ಆಯುಕ್ತರಿಗೆ ಹೋಗುತ್ತದೆ. ರಾಜ್ಯದ ಜನಸ್ಪಂದನ ಸಹಾಯವಾಣಿ 1902. ಮಾನ್ಯತೆ, ಪರೀಕ್ಷೆ, ಪ್ರಮಾಣಪತ್ರದ ದೂರುಗಳನ್ನು ಕೇಂದ್ರದ ಕುಂದುಕೊರತೆ ಪೋರ್ಟಲ್‌ನಲ್ಲಿ ದಾಖಲಿಸಬೇಕು, ಏಕೆಂದರೆ ಅವು ರಾಜ್ಯದ ಅಧಿಕಾರದಲ್ಲಿಲ್ಲ. ಗ್ರಾಹಕ ನ್ಯಾಯಾಲಯಕ್ಕೆ ಹೋಗಬಹುದೆಂದು ಹಲವರು ಭಾವಿಸುತ್ತಾರೆ. ಆದರೆ ವೃತ್ತಿ ಶಿಕ್ಷಣವೂ ಸೇರಿದಂತೆ ಶಿಕ್ಷಣ ಸಂಸ್ಥೆಗಳು, ಕೋಚಿಂಗ್ ಕೇಂದ್ರಗಳನ್ನು ಬಿಟ್ಟು, 1986ರ ಗ್ರಾಹಕ ಸಂರಕ್ಷಣಾ ಕಾಯ್ದೆಯೊಳಗೆ ಬರುವುದಿಲ್ಲ ಎಂದು ರಾಷ್ಟ್ರೀಯ ಗ್ರಾಹಕ ಆಯೋಗದ ವಿಸ್ತೃತ ಪೀಠ 2020ರ ಜನವರಿಯಲ್ಲಿ ತೀರ್ಪು ಕೊಟ್ಟಿದೆ. ಆ ದಾರಿ ಹಿಡಿದು ಪರೀಕ್ಷೆಯ ಮುಂಚಿನ ಅಮೂಲ್ಯ ತಿಂಗಳುಗಳನ್ನು ಕಳೆಯುವ ಮೊದಲು ವಕೀಲರ ಸಲಹೆ ಪಡೆಯಬೇಕು.

ಬೇರೆಲ್ಲ ದಾರಿ ಮುಗಿದಾಗ ಉಳಿಯುವುದು ಸಂವಿಧಾನದ 226ನೇ ವಿಧಿಯಡಿ ಹೈಕೋರ್ಟಿಗೆ ರಿಟ್ ಅರ್ಜಿ. ಬೆಂಗಳೂರಿನ ಜೊತೆಗೆ ಧಾರವಾಡ ಮತ್ತು ಕಲಬುರಗಿಯಲ್ಲೂ ಪೀಠಗಳಿವೆ. ವಕೀಲರ ಖರ್ಚು ಭರಿಸಲಾಗದವರಿಗೆ 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ ಉಚಿತ ನೆರವು ಕೊಡುತ್ತದೆ. ಮಹಿಳೆಯರು, 18 ವರ್ಷದೊಳಗಿನವರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು ಆದಾಯ ಎಷ್ಟೇ ಇದ್ದರೂ ಇದಕ್ಕೆ ಅರ್ಹರು. ತಾಲ್ಲೂಕು ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವಾ ಸಮಿತಿಗೆ ನೇರವಾಗಿ ಹೋಗಬಹುದು ಅಥವಾ 15100ಕ್ಕೆ ಕರೆ ಮಾಡಬಹುದು. ಹೋಗುವಾಗ ಪ್ರವೇಶದ ರಸೀದಿ, ನೋಂದಣಿ ಸಂಖ್ಯೆ, ಮೊಹರು ಬಿದ್ದ ರಜೆ ಅರ್ಜಿಗಳ ಪ್ರತಿ ಮತ್ತು ಹಾಜರಿಯ ವಿವರ ಜೊತೆಯಲ್ಲಿರಬೇಕು.